ಮೇಲೆ ಮಲಗುವ ಜರಿಯೆಳೆ

ಲಖನೌ ಎಂದೊಡನೆ ಚಿಕನ್ ಕಸೂತಿ ನೆನಪಾಗುತ್ತದೆ. ಆದರೆ ಅಲ್ಲಿನ ಹಳೆಯ ಗಲ್ಲಿಗಳಲ್ಲಿ ಜರ್ದೋಜಿಯೂ ಉಂಟು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 'ಅಡ್ಡಾ' ಎಂಬ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಸುತ್ತಲೂ ನೆಲದ ಮೇಲೆ ಕುಳಿತು ಹೊಲಿಯುತ್ತಾರೆ. ಜರಿಯೆಳೆಯನ್ನು ಬಟ್ಟೆಯೊಳಗೆ ಎಳೆದರೆ ಸುತ್ತಿದ ಲೋಹ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅದನ್ನು ಮೇಲೆಯೇ ಮಲಗಿಸಿ, ಸಣ್ಣ ನೂಲಿನ ಅಡ್ಡ ಹೊಲಿಗೆಯಿಂದ ಹಿಡಿದಿಡುವುದು. ಹೊಲಿಗೆ ತರಗತಿಗಳಲ್ಲಿ ಇದೇ 'ಕೌಚಿಂಗ್'. ನೋಡಲು ಸುಲಭ! ಹೊಸಬರ ಕೈ ಸೋಲುವುದು ತಿರುವಿನಲ್ಲಿ. ಅಲ್ಲಿ ಹೊಲಿಗೆಗಳು ಒತ್ತಾಗಿ ಬೀಳಬೇಕು. ದೂರವಾದರೆ ಎಳೆ ಎದ್ದು ನಿಲ್ಲುತ್ತದೆ, ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದೆ. ಈ ಹದ ಕೈಗೆ ಬರಲು ತಿಂಗಳುಗಳೇ ಬೇಕು. ಯಂತ್ರದ ಕಸೂತಿ ಅಗ್ಗವಾಗಿ ಸಿಗುವಾಗ ಕೂಲಿ ಮಾತ್ರ ಏರದು. ಸೂಜಿ ಬಲ್ಲ ತಂದೆಯೇ ಮಗನನ್ನು ಅಡ್ಡಾದಿಂದ ಎಬ್ಬಿಸಿ ಶಾಲೆಗೆ ಕಳಿಸಿದರೆ ದೂರುವವರಾರು?