ಸಭೆ ಎಂಬ ಮಾತು

ಬಾಡಿಗೆಯ ಮನೆಯನ್ನು ಹುಡುಕುವ ಕಷ್ಟವನ್ನು ಬೆಂಗಳೂರಿಗೆ ಬಂದ ಸಂಸಾರಸ್ಥರೆಲ್ಲರೂ ಬಲ್ಲರು. ನೀರು ಬರುವುದೆ, ಗಾಳಿಯಾಡುವುದೆ, ಶಾಲೆ ಹತ್ತಿರವೆ ಎಂದು ವಿಚಾರಿಸಿ, ಹತ್ತು ಮನೆಗಳ ಮೆಟ್ಟಿಲನ್ನು ಹತ್ತಿಳಿದು, ಕಡೆಗೊಂದಕ್ಕೆ ಮುಂಗಡ ಕೊಡುವೆವು. ಆದರೆ ಊರು ಬಿಟ್ಟು ಬಂದವನು ಅರಸಬೇಕಾದ ಮನೆ ಇನ್ನೊಂದುಂಟು. ಅದರ ಅಗತ್ಯವು ಮೊದಲ ದಿನ ತೋರುವುದಿಲ್ಲ. ತೋರುವ ದಿನ ಹುಡುಕಲು ಪುರುಸೊತ್ತಿರುವುದಿಲ್ಲ. ಇದನ್ನು ನಾವು ನಮ್ಮ ಶಿಷ್ಯನೊಬ್ಬನ ಸಂಸಾರದಿಂದ ಕಲಿತೆವು. ಕಲಿಸತಕ್ಕವರೇ ಕಲಿಯಬೇಕಾಗಿ ಬಂದ ಪಾಠವಾದುದರಿಂದ ವಾಚಕರ ಮುಂದಿಡುತ್ತಿದ್ದೇವೆ.

ಈ ಶಿಷ್ಯನು ಧಾರವಾಡದಲ್ಲಿ ನಮ್ಮಿಂದ ಸಂಸ್ಕೃತವನ್ನು ಕಲಿತವನು. ಅವನ ಮನೆತನವು ಬಾಸೆಲ್ ಮಿಷನ್ನಿನ ಕ್ರೈಸ್ತ ಸಭೆಗೆ ಸೇರಿದುದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ ನೆಲೆಯೂರಿದರು. ಅವರಲ್ಲೊಬ್ಬರಾದ ಕಿಟ್ಟೆಲ್ ಸಾಹೇಬರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರ ಒಂದು ಪ್ರತಿಯು ನಾವು ಪಾಠ ಹೇಳುತ್ತಿದ್ದ ಕಾಲವೆಲ್ಲ ನಮ್ಮ ಮೇಜಿನ ಮೇಲಿದ್ದಿತು. ಆದುದರಿಂದ ಆ ಸಭೆಗೆ ನಾವೂ ಋಣಿಗಳೇ.

ಉದ್ಯೋಗದ ನಿಮಿತ್ತ ಶಿಷ್ಯನು ತಾಯಿ, ಹೆಂಡತಿ, ಏಳು ವರುಷದ ಮಗಳು ಇವರೊಡನೆ ಬೆಂಗಳೂರಿಗೆ ಬಂದನು. ನಾವೂ ನಿವೃತ್ತರಾಗಿ ಮಗನ ಮನೆಗೆ ಬಂದಿದ್ದೆವು. ಎರಡು ಮನೆಗಳಿಗೂ ನಡುವೆ ಎರಡು ಬೀದಿ.

ಬೆಂಗಳೂರಿನಲ್ಲಿ ಕ್ರೈಸ್ತ ದೇವಾಲಯಗಳಿಗೆ ಕೊರತೆಯಿಲ್ಲ. 1808ರಲ್ಲಿ ಅಸ್ತಿವಾರ ಹಾಕಿದ ಸೇಂಟ್ ಮಾರ್ಕ್ಸ್ ದೇವಾಲಯವು ದಂಡಿನ ಇಂಗ್ಲಿಷರಿಗಾಗಿ ಹುಟ್ಟಿತು. ವೆಸ್ಲಿಯನ್ ಮಿಷನ್ನಿನ ಹಡ್ಸನ್ ಸ್ಮಾರಕ ದೇವಾಲಯವು 1904ರಲ್ಲಿ ಕನ್ನಡಿಗರಿಗಾಗಿ ಎದ್ದಿತು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮುಂತಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದ ಮೇಲೆ ಈ ಎರಡೂ ಒಂದೇ ಕುಟುಂಬದವಾದವು. ಕುಟುಂಬವು ಒಂದಾದರೂ ಒಂದೊಂದು ದೇವಾಲಯದ ಭಾಷೆ, ರಾಗ, ವೇಳೆಗಳು ಬೇರೆ ಬೇರೆಯಾಗಿಯೇ ಉಳಿದಿವೆ. ಹೊಸಬರಿಗೆ ತೊಡಕು ಅಲ್ಲಿಯೇ.

ಅವರು ಮೊದಲು ಹೋದ ದೇವಾಲಯವು ಭವ್ಯವಾದುದು, ಆರಾಧನೆ ಇಂಗ್ಲಿಷಿನಲ್ಲಿ. ಶಿಷ್ಯನ ಹೆಂಡತಿಗೆ ಗಾಯನವು ಮೆಚ್ಚಿಗೆಯಾಯಿತು. ತಾಯಿಗೆ ‘ಆಮೆನ್’ ಎಂಬುದರ ಹೊರತು ಏನೂ ತಿಳಿಯಲಿಲ್ಲ. ಎರಡನೆಯದು ಬಾಡಿಗೆಯ ಸಭಾಂಗಣ. ಅಲ್ಲಿಯ ಡ್ರಮ್ಮು ಗಿಟಾರುಗಳಿಗೆ ಮಗು ಕುಣಿಯಿತು, ಅಜ್ಜಿ ಕಿವಿಗೆ ಸೆರಗು ಮುಚ್ಚಿಕೊಂಡರು. ಮೂರನೆಯದು ಕನ್ನಡದ ಚಿಕ್ಕ ಸಭೆ. ಎರಡು ಬಸ್ಸು ಹಿಡಿದು ಹೋಗಬೇಕು. ಅಜ್ಜಿಗೆ ಆನಂದವೋ ಆನಂದ. ಆದರೆ ಮಗುವಿಗೆ ಕನ್ನಡದ ಅಕ್ಷರ ಬಾರದು. ಅದು ಕಾಲಾಡಿಸುತ್ತ ಆಕಳಿಸಿತು. ಮೂರು ಭಾನುವಾರ ಹೋಗಿ ಅದನ್ನೂ ಬಿಟ್ಟರು. “ಅಲ್ಲಿ ಯಾರೂ ನಮ್ಮನ್ನು ಮಾತನಾಡಿಸಲಿಲ್ಲ, ಗುರುಗಳೇ” ಎಂದು ಶಿಷ್ಯನು ದೂರಿದನು. ಕಡೆಯ ಆಶೀರ್ವಾದ ಮುಗಿಯುತ್ತಲೇ ಬಸ್ಸಿಗೆ ಓಡುತ್ತಿದ್ದೆವೆಂಬುದನ್ನು ಅವನಾಗ ಹೇಳಲಿಲ್ಲ.

ಹೀಗೆ ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿನೋಡಿ ಇಡುವವರಂತೆ ವರುಷವೊಂದು ಕಳೆಯಿತು. ದಣಿದು ನಮ್ಮನ್ನು ಕೇಳಿದನು. ನಾವು ಒಡನೆಯೇ, “ದೇವರು ಸರ್ವವ್ಯಾಪಿಯಪ್ಪಾ. ಮನೆಯಲ್ಲಿ ನಾಲ್ವರು ಕುಳಿತು ನಿಮ್ಮ ಗ್ರಂಥವನ್ನು ಓದಿಕೊಂಡರೆ ಸಾಲದೆ? ಅಲೆದಾಟವೇಕೆ?” ಎಂದೆವು. ಮಾತು ಶಾಸ್ತ್ರಸಮ್ಮತವಾಗಿದ್ದಿತು, ಹೇಳಿದ ನಮಗೇ ಬಹಳ ಹಿಡಿಸಿತು. ಗುರುವಾಕ್ಯವೆಂದು ಅವನು ನಂಬಿದನು. ಅಲೆದಾಟವೂ ನಿಂತಿತು, ಕೆಲವು ವಾರಗಳಲ್ಲಿ ಓದೂ ನಿಂತಿತು.

ನಿಲ್ಲಿಸದವರು ತಾಯಿಯೊಬ್ಬರೇ. ಭಾನುವಾರ ಬೆಳಿಗ್ಗೆ ಮಡಿಸಿಟ್ಟ ಬಿಳಿಯ ಸೀರೆಯನ್ನುಟ್ಟು, ರಟ್ಟು ಹರಿದ ಸಂಗೀತದ ಪುಸ್ತಕವನ್ನು ತೊಡೆಯ ಮೇಲಿಟ್ಟು, ಕಿಟಕಿಯ ಬಳಿ ಕುಳಿತಿರುವರು. ಒಮ್ಮೆ ನಾವು ಹೋದಾಗ, “ಹಾಡಿದಿರಾ ತಾಯಿ?” ಎಂದು ಕೇಳಿದೆವು. “ಒಬ್ಬಾಕಿನ ಹಾಡಿದರ ಹಾಡು ಅರ್ಧ ಆಗತದರೀ, ಮಾಸ್ತರ” ಎಂದರು. ನಾವು ನಕ್ಕು ಕಾಫಿ ಕುಡಿದು ಬಂದೆವು.

ಆ ವರುಷದ ಮಳೆಗಾಲದಲ್ಲಿ ಒಂದು ರಾತ್ರಿ ಅವರು ತೀರಿಕೊಂಡರು.

ಬೆಳಗಾಗುತ್ತಲೇ ಎಲ್ಲ ಕಡೆಯಿಂದಲೂ ಒಂದೇ ಪ್ರಶ್ನೆ: “ನೀವು ಯಾವ ಸಭೆಯವರು?” ಮಣ್ಣುಮಾಡಲು ಸಭೆಯ ಪತ್ರ ಬೇಕು; ಪತ್ರಕ್ಕೆ ಸದಸ್ಯರ ಪಟ್ಟಿಯಲ್ಲಿ ಹೆಸರು ಬೇಕು. ಶಿಷ್ಯನು ಕೇಳಿದ ಒಂದೆರಡು ಕಡೆ, ಹೆಸರಿಲ್ಲವಾದುದರಿಂದ ಆಗದೆಂದು ವಿನಯದಿಂದಲೇ ಹೇಳಿದರು. ಅವರನ್ನು ದೂಷಿಸಲಾರೆವು, ನಗರದಲ್ಲಿ ನೆಲ ಕಡಮೆ, ತಮ್ಮವರಿಗೇ ಸಾಲದು. ಧಾರವಾಡಕ್ಕೆ ಒಯ್ಯೋಣವೆಂದರೆ ಸುಮಾರು ನಾನೂರು ಕಿಲೋಮೀಟರಿನ ದಾರಿ, ಹೊರಗೆ ಬಿಡದ ಮಳೆ. ಅವನು ಬಾಗಿಲಲ್ಲಿ ನಿಂತು ನಮ್ಮ ಮುಖ ನೋಡಿದನು. ಆಗ ಹೇಳಲು ನಮ್ಮಲ್ಲಿ ಯಾವ ಸುಭಾಷಿತವೂ ಇರಲಿಲ್ಲ.

ಕಡೆಗೆ ಅವನ ಹೆಂಡತಿಯೇ ನಾಚಿಕೆಯನ್ನು ಬದಿಗಿಟ್ಟು ಆ ಚಿಕ್ಕ ಕನ್ನಡ ಸಭೆಗೆ ಫೋನು ಮಾಡಿದಳು. ಮಧ್ಯಾಹ್ನದೊಳಗೆ ಸಭಾಪಾಲಕರು ಬಂದರು. ಜೊತೆಗೆ ಎಂಟು ಹತ್ತು ಮಂದಿ, ಕೊಡೆಗಳನ್ನು ಬಾಗಿಲಲ್ಲಿ ಒರಗಿಸಿ ಒಳಗೆ ಬಂದರು. ಅವರಲ್ಲೊಬ್ಬ ಮುದುಕಿ ಶವದ ಮುಖವನ್ನು ನೋಡಿ, “ಇವರು ನನ್ನ ಬೆಂಚಿನಲ್ಲೇ ಕೂತಿದ್ದೋರಲ್ಲವೇನಮ್ಮಾ? ಎಷ್ಟು ಚೆನ್ನಾಗಿ ಹಾಡುತ್ತಿದ್ದರು! ಹೆಸರು ಕೇಳಬೇಕು ಅನ್ನುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಆಮೇಲೆ ಎಷ್ಟೋ ವಾರ ಬಾಗಿಲ ಕಡೆಗೇ ನೋಡಿದೆ” ಎಂದಳು. ಅಲ್ಲಿಯವರೆಗೆ ಅಳದೆ ನಿಂತಿದ್ದ ನಮ್ಮ ಶಿಷ್ಯನು ಆಗ ಅತ್ತನು.

ಸಭಾಪಾಲಕರು ಹಿರಿಯರೊಡನೆ ಮಾತನಾಡಿ ಪತ್ರ ಬರೆದುಕೊಟ್ಟರು. ಸಂಜೆ ಮಳೆಯಲ್ಲಿಯೇ ಹಾಡಿ ಮಣ್ಣುಮಾಡಿದರು. ಆ ತಾಯಿ ಅರ್ಧಕ್ಕೇ ನಿಲ್ಲಿಸಿದ್ದ ಹಾಡನ್ನು ಅವರ ಹೆಸರನ್ನೂ ತಿಳಿಯದಿದ್ದ ಜನರು ಪೂರ್ತಿಮಾಡಿದರು.

ಈಗ ಆ ಸಂಸಾರವು ಪ್ರತಿ ಭಾನುವಾರವೂ ಎರಡು ಬಸ್ಸು ಹಿಡಿದು ಅಲ್ಲಿಗೇ ಹೋಗುವುದು. ದೇವಾಲಯವು ಮೊದಲಿದ್ದಂತೆಯೇ ಇದೆ: ಪ್ರಸಂಗ ದೀರ್ಘ, ಹಾರ್ಮೋನಿಯಮ್ಮಿನಲ್ಲಿ ಒಂದು ಸ್ವರ ಹೊರಡುವುದಿಲ್ಲ. ಸುಗ್ಗಿಯ ಹಬ್ಬಕ್ಕೆ ನಮ್ಮನ್ನೂ ಕರೆದೊಯ್ದರು. ಸಭಿಕರು ತಂದು ಅರ್ಪಿಸಿದ ಬಾಳೆಗೊನೆ, ತೆಂಗಿನಕಾಯಿ, ಕುಂಬಳಕಾಯಿಗಳನ್ನು ಅಂಗಳದಲ್ಲಿ ಹರಾಜು ಹಾಕಿದರು. ಮಗುವು ಮುದುಕಿಯ ಕೈಹಿಡಿದು ಕೂಗಿ ಕೂಗಿ ಬೆಲೆಯೇರಿಸಿತು. ತಂದೆಯು ಬೇಡದ ಕುಂಬಳಕಾಯಿಯೊಂದಕ್ಕೆ ಹಣ ತೆತ್ತನು. ಅದರಲ್ಲಿ ಅರ್ಧ ಹೋಳು ನಮ್ಮ ಮನೆಗೂ ಬಂದಿತು. ಮಗುವು ಈಗ ಸಂಜೆ ನಮ್ಮಲ್ಲಿಗೆ ಕನ್ನಡ ಕಲಿಯಲು ಬರುತ್ತದೆ. ಅಜ್ಜಿಯ ಪುಸ್ತಕವೇ ಪಠ್ಯ, ಒತ್ತಕ್ಷರದವರೆಗೆ ಬಂದಿದ್ದೇವೆ. ನಮ್ಮ ಆ ಸುಲಭದ ಉಪದೇಶಕ್ಕೆ ಇದು ಪ್ರಾಯಶ್ಚಿತ್ತ.

ಕ್ರೈಸ್ತಬಾಂಧವರು ಕನ್ನಡದಲ್ಲಿ ತಮ್ಮ ಸಮುದಾಯವನ್ನು ‘ಸಭೆ’ ಎನ್ನುವರು. ಆ ಸಂಸ್ಕೃತ ಶಬ್ದಕ್ಕೆ, ಜನರು ಎಲ್ಲಿ ಕೂಡಿ ಬೆಳಗುವರೋ ಅದು ಸಭೆಯೆಂದು ಟೀಕಾಕಾರರು ಅರ್ಥ ಬಿಡಿಸುವುದುಂಟು. ಈ ವ್ಯುತ್ಪತ್ತಿಯನ್ನು ನಾವು ಬಹುಕಾಲ ಕರಿಹಲಗೆಯ ಮೇಲೆ ಬರೆದೆವು. ‘ಕೂಡಿ’ ಎಂಬ ಪದದ ಭಾರವು ಮಾತ್ರ ಆ ಮಳೆಯಲ್ಲಿ ನಿಂತಾಗ ತಿಳಿಯಿತು. ದೇವರು ಎಲ್ಲೆಡೆಯೂ ಇರುವನೆಂಬುದು ಸುಳ್ಳಲ್ಲ. ಆದರೆ ನಾವು ಬಾರದ ದಿನ ಬಾಗಿಲ ಕಡೆಗೆ ನೋಡುವ ಜನರು ಎಲ್ಲೆಡೆಯೂ ಇರುವುದಿಲ್ಲ.

ಪರಸ್ಥಳಕ್ಕೆ ಬಂದು ನೆಲಸಿದ ಎಳೆಯ ಸಂಸಾರಗಳು ಯಾವ ಮತದವರೇ ಆಗಲಿ, ಅಂಥವರ ನಡುವೆ ತಮ್ಮ ಬೆಂಚನ್ನು ಬೇಗನೆ ಹುಡುಕಿಕೊಳ್ಳಲಿ. ಕಡೆಯ ಆಶೀರ್ವಾದವಾದ ಮೇಲೆ ಐದು ನಿಮಿಷ ನಿಂತು ಹೆಸರು ಹೇಳಿಕೊಳ್ಳಲಿ. ಬಸ್ಸು ಇನ್ನೊಂದು ಬರುವುದು.