ಮಿಸುಕದ ಬಂಡಿ

ಬಿಡದಿಯ ಹೆಸರನ್ನು ಕೇಳಿದೊಡನೆ ವಾಚಕರಿಗೆ ತಟ್ಟೆ ಇಡ್ಲಿಯ ನೆನಪಾಗುವುದು ಸಹಜ. ಆದರೆ 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು ಅಲ್ಲಿ ಮೋಟಾರುಗಾಡಿಗಳ ಕಾರ್ಖಾನೆಯನ್ನು ಕಟ್ಟಿದ ಮೇಲೆ, ರಾಮನಗರದ ಕಡೆಯ ಆ ಪ್ರದೇಶದಲ್ಲಿ ದೊಡ್ಡ ದೊಡ್ಡ ಉಗ್ರಾಣಗಳೂ ಎದ್ದಿವೆ. ಅಂಥದೊಂದು ನಮ್ಮ ಬಂಧುಗಳೊಬ್ಬರದು. ಕಳೆದ ಬೇಸಗೆಯಲ್ಲಿ ಒಂದು ಬೆಳಗ್ಗೆ ನಾವು ಅಲ್ಲಿಗೆ ಹೋದಾಗ ಗದ್ದಲವೋ ಗದ್ದಲ. ಸರಕನ್ನು ಎರಡು ಕಬ್ಬಿಣದ ಕೈಗಳಿಂದ ಎತ್ತಿ ಅಟ್ಟದ ಮೇಲಿಡುವ ವಿದ್ಯುತ್ ಬಂಡಿಯು, ಫೋರ್ಕ್‌ಲಿಫ್ಟ್ ಎನ್ನುವರು, ಕೀಲಿ ತಿರುಗಿಸಿದರೂ ಮಿಸುಕದು, ದೀಪವೂ ಹತ್ತದು. ಹೊರಗೆ ಲಾರಿಗಳು ಕಾದಿದ್ದುವು. ಅದನ್ನು ನಡೆಯಿಸುವ ಹುಡುಗನು ಚನ್ನಪಟ್ಟಣದ ಬೊಂಬೆ ಕಡೆಯುವವರ ಮನೆಯವನು, ಸಂಬಳವನ್ನು ನಂಬಿ ಬಂದವನು. “ಇವನೇ ಸುಟ್ಟುಹಾಕಿದ್ದಾನೆ, ಇಂದೇ ಕಳುಹಿಸಿಬಿಡುತ್ತೇನೆ” ಎಂದು ಬಂಧುಗಳು ಕೂಗಾಡುತ್ತಿದ್ದರು.

ನಾವು ಬಹುಕಾಲ ವಿದ್ಯುತ್ತಿನ ಕೆಲಸದಲ್ಲಿದ್ದು ವಿಶ್ರಾಂತಿ ಪಡೆದವರು. “ಸ್ವಲ್ಪ ತಾಳಿ” ಎಂದು ಕೈಗಡಿಯಾರವನ್ನೂ ಉಂಗುರವನ್ನೂ ತೆಗೆದಿಟ್ಟೆವು. ಬ್ಯಾಟರಿಯ ಎರಡು ತುದಿಗಳಿಗೂ ಒಮ್ಮೆಲೆ ತಗಲಿದ ಉಂಗುರವು ಕ್ಷಣದಲ್ಲಿ ಕೆಂಡವಾಗುವುದು. ಮೊದಲು ಅಪಾಯಕಾಲದಲ್ಲಿ ಒತ್ತುವ ಕೆಂಪು ಗುಂಡಿಯನ್ನು ನೋಡಿದೆವು. ಯಾರ ಮೊಣಕೈ ತಗಲಿಯೋ ಅದು ಒಳಗೆ ಕುಳಿತರೆ ಬಂಡಿಗೆ ಜೀವವಿರದು. (ಬರಿಯ ಗುಂಡಿಗಾಗಿ ದೂರದ ಮೇಸ್ತ್ರಿಯನ್ನು ಕರೆಸಿ ಹಣ ತೆತ್ತವರನ್ನು ಬಲ್ಲೆವು.) ಗುಂಡಿಯು ಸರಿಯಾಗಿತ್ತು. ಎರಡೆರಡು ವೋಲ್ಟಿನ 24 ಕೋಶಗಳು ಸೇರಿ 48 ವೋಲ್ಟು ಆಗಬೇಕು. ಮಾಪಕವು ಅದಕ್ಕೆ ಕಡಮೆ ತೋರಿಸಲಿಲ್ಲ. ಫ್ಯೂಸೂ ಸುಟ್ಟಿರಲಿಲ್ಲ. ಆದರೆ ಕೀಲಿ ತಿರುಗಿಸಿದೊಡನೆ ಬ್ಯಾಟರಿಯ ಪ್ಲಗ್ಗಿನ ಆಚೆ ಮುಳ್ಳು ಸೊನ್ನೆಗೆ ಇಳಿದುಬಿಟ್ಟಿತು.

ಪ್ಲಗ್ಗನ್ನು ಬಿಚ್ಚಿದೆವು. ಹುಳಿ ಇಟ್ಟ ಹಿತ್ತಾಳೆಯ ಪಾತ್ರೆಯಲ್ಲಿ ಏಳುವಂಥ ಹಸುರು ಕಿಲುಬು! ಬ್ಯಾಟರಿಯ ತಲೆಯೆಲ್ಲ ಆಮ್ಲದಿಂದ ಒದ್ದೆ.

“ನೀರನ್ನು ಯಾವಾಗ ಹಾಕುವೆ?”

“ದಿನವೂ ಸಂಜೆ, ಚಾರ್ಜಿಗೆ ಇಡುವ ಮುಂಚೆ, ಬಾಯಿತುಂಬ.”

ಚಾರ್ಜಾಗುವಾಗ ದ್ರವವು ಉಬ್ಬಿ, ಅನಿಲದ ಗುಳ್ಳೆಗಳೆದ್ದು ಹೊರಚೆಲ್ಲುವುದು. ಆದುದರಿಂದ ಬಟ್ಟಿಯಿಳಿಸಿದ ನೀರನ್ನು ಚಾರ್ಜು ಮುಗಿದ ಮೇಲೆ, ಗುರುತಿನವರೆಗೆ ಮಾತ್ರ ಹಾಕತಕ್ಕದ್ದು. ಮುಂಚೆಯಾದರೆ ಸೀಸದ ಫಲಕಗಳು ಮುಳುಗುವಷ್ಟು ಸಾಕು.

“ಹೀಗೆ ಹಾಕೆಂದು ಹೇಳಿದವರಾರು?” ಎಂದು ಬಂಧುಗಳು ಗುಡುಗಿದರು. ಹುಡುಗನು ಉತ್ತರ ಕೊಡಲಿಲ್ಲ. ಒಮ್ಮೆ ನಮ್ಮ ಮುಖವನ್ನು ನೋಡಿ ತಲೆ ತಗ್ಗಿಸಿದನು.

ಸಂಕ್ರಾಂತಿಯ ಹೊತ್ತಿಗೆ ಬಂದಿದ್ದಾಗ, “ನೀರು ಕಡಮೆಯಾಗಗೊಡಬೇಡ, ತುಂಬಿಸುತ್ತಿರು” ಎಂದು ದೊಡ್ಡ ಮನುಷ್ಯರಂತೆ ಹೇಳಿ ಹೋದವರು ನಾವೇ! ಯಾವಾಗ, ಎಷ್ಟು ಎಂಬುದನ್ನು ಹೇಳಿರಲಿಲ್ಲ. ಅವನೂ ಸಂಕೋಚದಿಂದ ಕೇಳಿರಲಿಲ್ಲ. ಬಂಧುಗಳೆದುರಿಗೆ ಒಪ್ಪಿಕೊಂಡೆವು. ಮಾತು ಗಂಟಲಿನಿಂದ ಸುಲಭವಾಗಿ ಹೊರಡಲಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ಪ್ಲಗ್ಗನ್ನು ತರಿಸಲು ಆಳನ್ನು ಕಳುಹಿಸಿದರು.

ಅಷ್ಟರಲ್ಲಿ ಕೋಶಗಳ ಮುಚ್ಚಳಗಳನ್ನು ಭದ್ರಪಡಿಸಿ, ಅಡಿಗೆ ಸೋಡದ ನೀರಿನಿಂದ ಬ್ಯಾಟರಿಯ ತಲೆಯನ್ನು ನಾವೂ ಹುಡುಗನೂ ಒರಸಿದೆವು. ಹೊಸ ಪ್ಲಗ್ಗು ಕುಳಿತ ಮೇಲೆ ಅವನೇ ಕೀಲಿ ತಿರುಗಿಸಿದನು. ದೀಪ ಹತ್ತಿತು. ಮೂರು ಗಂಟೆಗೆ ಮೊದಲನೆಯ ಲಾರಿಯು ಮಾಗಡಿಯ ದಾರಿ ಹಿಡಿಯಿತು.