ಹಂಪಸಾಗರದ ಹಿನ್ನೀರು ಕಲಿಸುವ ಪಾಠ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದ ಹೆಸರಿನಲ್ಲಿ ಸಾಗರವು ಹಿಂದಿನಿಂದಲೂ ಇದ್ದಿತು. ಕಣ್ಣಿಗೆ ಕಾಣುವ ಸಾಗರ ಬಂದುದು ಮಾತ್ರ 1953ರ ಸುಮಾರಿಗೆ. ಅಲ್ಲಿಯವರೆಗೆ ತುಂಗಭದ್ರೆ ಇಲ್ಲಿ ಎರಡು ದಡಗಳ ನಡುವೆ ಹರಿಯುವ ನದಿ. ಹೊಸಪೇಟೆಯ ಬಳಿ ಅಣೆಕಟ್ಟು ತಲೆಯೆತ್ತಿ ನೀರು ಹಿಂದಕ್ಕೆ ಸರಿದು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಮಿಕ್ಕ ಜನ ನೆಲೆ ತಪ್ಪಿದರು. ಹಂಪಸಾಗರವೂ ಹಳೆಯ ನೆಲೆಯನ್ನು ನೀರಿಗೊಪ್ಪಿಸಿ ಮೇಲಿನ ನೆಲದಲ್ಲಿ ಮತ್ತೆ ಊರಾಯಿತು.

ಜಲಾಶಯ ತುಂಬಿದ ದಿನಗಳಲ್ಲಿ ಇಲ್ಲಿಗೆ ಬರುವ ಪಟ್ಟಣದ ಪ್ರವಾಸಿಗೆ ಈ ಹಿಂದಿನ ಕಥೆ ಕಾಣುವುದಿಲ್ಲ. ಕಾಣುವುದು ನೀರೊಂದೇ. ಪೂರ್ಣ ತುಂಬಿದಾಗ 378 ಚದರ ಕಿಲೋಮೀಟರುಗಳಷ್ಟು ಹರಡುವ ಈ ಜಲರಾಶಿಯ ಅಂಚಿನಲ್ಲಿ ನಿಂತವನಿಗೆ ಒಂದೇ ಆಸೆ: ಒಮ್ಮೆ ನೀರಿನ ಮೇಲೆ ಹೋಗಿ ಬರಬೇಕು. ಆಸೆ ಸಹಜವಾದುದೇ. ಆದರೆ ನಿಂತ ನೀರೆಂದರೆ ಪಳಗಿದ ನೀರೆಂದು ಭಾವಿಸುವುದು ಸರಿಯಲ್ಲ. ಜಲಕ್ರೀಡೆಯ ಮೊದಲ ಪಾಠ ನೀರಿನಲ್ಲಿ ಆರಂಭವಾಗುವುದಿಲ್ಲ, ದಡದಲ್ಲಿ ಆರಂಭವಾಗುತ್ತದೆ.

ಈ ಸೀಮೆಯ ಹಳೆಯ ಜಲವಾಹನ ಹರಿಗೋಲು. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಯಿದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಆನೆಗೊಂದಿಯ ಹೊಳೆಯಲ್ಲಿ ಈ ದೋಣಿಗಳನ್ನು ಕಂಡು ಬೆರಗಾದನು. ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲ ಅವು ನೇರವಾಗಿ ಹೋಗದೆ ಸದಾ ಸುತ್ತುತ್ತಲೇ ಇರುತ್ತವೆಂದು ಅವನು ಬರೆದಿಟ್ಟಿದ್ದಾನೆ. ಐದು ಶತಮಾನಗಳು ಕಳೆದರೂ ಮೀನುಗಾರರ ಹರಿಗೋಲಿನ ಆಕಾರ ಬದಲಾಗಿಲ್ಲ. ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ, ಅಷ್ಟೆ.

ಹೊಸಬನಿಗೆ ಅಂಬಿಗನು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: “ಈಜು ಬರ್ತೈತೇನು, ತಮ್ಮಾ?” ಬಾರದೆಂದಾದರೆ ಕಲಿಕೆ ಕೊಳದಲ್ಲಿ ಆರಂಭವಾಗಬೇಕೇ ಹೊರತು ಹಿನ್ನೀರಿನಲ್ಲಲ್ಲ. ಈಜು ಬಂದವನಿಗೂ ಲೈಫ್ ಜಾಕೆಟ್ ಬೇಕು. ಅದನ್ನು ದಡದಲ್ಲಿಯೇ ತೊಟ್ಟು ಎಲ್ಲ ಕೊಂಡಿಗಳನ್ನೂ ಬಿಗಿಯಬೇಕು. ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿದಾಗ ಜಾಕೆಟ್ಟು ಗಲ್ಲವನ್ನು ದಾಟಿ ಕಿವಿಯ ಮಟ್ಟಕ್ಕೇರಿದರೆ ಅದು ಅಳತೆಗೆ ದೊಡ್ಡದೆಂದೇ ಅರ್ಥ. ಮಗುವಿಗೆ ದೊಡ್ಡವರ ಜಾಕೆಟ್ಟು ತೊಡಿಸುವುದು ರಕ್ಷಣೆಯಲ್ಲ. ನೀರಿಗೆ ಬಿದ್ದೊಡನೆ ಮಗು ಅದರಿಂದ ಜಾರಿಹೋಗಬಹುದು.

ಹರಿಗೋಲನ್ನು ಏರುವುದಕ್ಕೂ ಕ್ರಮವುಂಟು. ಒಬ್ಬೊಬ್ಬರಾಗಿ ತಗ್ಗಿ ನಡುವಿಗೆ ಕಾಲಿಟ್ಟು, ಒಬ್ಬರಿಗೊಬ್ಬರು ಎದುರಾಗಿ ಕುಳಿತು ಭಾರವನ್ನು ಸರಿದೂಗಿಸಬೇಕು. ನಡುನೀರಿನಲ್ಲಿ ಎದ್ದು ನಿಲ್ಲಬಾರದು. ಹುಟ್ಟನ್ನು ಪಕ್ಕದಲ್ಲಿ ಎಳೆದರೆ ದೋಣಿ ಬುಗುರಿಯಂತೆ ಸುತ್ತುತ್ತದೆ. ಹೋಗಬೇಕಾದ ದಿಕ್ಕಿಗೆ ಮುಖಮಾಡಿ, ಮುಂದಿರುವ ನೀರನ್ನು ತನ್ನೆಡೆಗೆ ಸೆಳೆದುಕೊಳ್ಳುವುದೇ ಅಂಬಿಗನ ಗುಟ್ಟು. ಸುತ್ತುವ ದೋಣಿ ನೇರವಾಗಿ ನಡೆಯತೊಡಗಿದ ಕ್ಷಣದಲ್ಲಿ ಕಲಿಯುವವನ ಮುಖದಲ್ಲಿ ಮೂಡುವ ಹಿಗ್ಗು ನೋಡುವಂತಹುದು. ಒಂದು ವೇಳೆ ದೋಣಿ ಮಗುಚಿದರೆ ದೂರದ ದಡಕ್ಕೆ ಈಜಲು ಹೊರಡಬಾರದು. ತೇಲುವ ದೋಣಿಯನ್ನೇ ಹಿಡಿದುಕೊಂಡಿರಬೇಕು. ನೀರಿನಲ್ಲಿ ಒಂಟಿ ತಲೆಗಿಂತ ದೋಣಿ ದೂರಕ್ಕೆ ಕಾಣುತ್ತದೆ.

ಇಷ್ಟು ಕಲಿತವನು ಇನ್ನು ನೀರನ್ನು ಓದಲು ಕಲಿಯಬೇಕು. ಹಂಪಸಾಗರದ ಆಕಾಶದಲ್ಲಿ ಮೋಡದ ತುಣುಕೂ ಇಲ್ಲದಿರುವಾಗಲೇ ಇಲ್ಲಿ ನೀರೇರಬಹುದು. ತುಂಗೆಯೂ ಭದ್ರೆಯೂ ಹುಟ್ಟುವುದು ದೂರದ ಪಶ್ಚಿಮ ಘಟ್ಟದಲ್ಲಿ. ಅಲ್ಲಿ ಸುರಿದ ಮಳೆ ಕೂಡಲಿಯಲ್ಲಿ ಒಂದಾಗಿ ಈ ಒಣಸೀಮೆಗೆ ಬಂದು ಸೇರುತ್ತದೆ. ಇಲ್ಲಿಯ ಜನ ತಮ್ಮ ಹೊಲದ ಮೇಲೆ ಬೀಳದ ಮಳೆಯ ನೀರನ್ನು ಕಾಣುವವರು. ನೀರಿಳಿಯುವುದಕ್ಕೂ ಋತುವೊಂದೇ ಕಾರಣವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ, ತುಂಬಿದ್ದ ಜಲಾಶಯದಿಂದ ಅಪಾರವಾದ ನೀರು ನದಿಯ ಪಾಲಾಯಿತು. ನಿನ್ನೆ ಕಂಡ ಅಂಚು ಇಂದು ಇರುವುದೆಂದು ನಂಬುವಂತಿಲ್ಲ.

ನೀರಿಳಿದ ತಿಂಗಳುಗಳಲ್ಲಿ ಬೇರೆ ಬಗೆಯ ಅಪಾಯ. ಮುಳುಗಿದ ಊರುಗಳ ಗೋಡೆ, ಮರದ ಬೊಡ್ಡೆ, ಕಲ್ಲುಕಂಬಗಳು ಮೇಲ್ಮೈಯಿಂದ ಒಂದೆರಡು ಅಡಿಯ ಕೆಳಗೇ ಅಡಗಿರಬಹುದು. ಎತ್ತರದಿಂದ ಧುಮುಕುವ ಹುಡುಗಾಟಕ್ಕೆ ಇದು ಸ್ಥಳವೇ ಅಲ್ಲ. ಅಂಚಿನ ನೆಲವೂ ನಂಬಿಕೆಗೆ ಅರ್ಹವಲ್ಲ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ಹೂಳು ಕಾಲಿಟ್ಟವನನ್ನು ಮೊಣಕಾಲಿನವರೆಗೆ ನುಂಗಬಲ್ಲುದು. ಮೀನುಗಾರರ ಬಲೆಗಳಿರುವ ಕಡೆಗೆ ದೋಣಿ ನಡೆಸುವುದು ಅವರ ಅನ್ನಕ್ಕೂ ನಷ್ಟ, ತನ್ನ ಪ್ರಾಣಕ್ಕೂ ಕುತ್ತು. ಇನ್ನು ಮುಂಗಾರಿನ ಪಡುವಣ ಗಾಳಿ: ತಡೆಯಿಲ್ಲದ ಬಯಲುನೀರಿನ ಮೇಲೆ ಅದು ಅಲೆಯೆಬ್ಬಿಸಿದಾಗ ಹಗುರವಾದ ದೋಣಿ ಎಲೆಯಂತೆ ಸಾಗಿಹೋಗುತ್ತದೆ. ಆದುದರಿಂದ ಹೊರಡುವಾಗ ಗಾಳಿಗೆ ಎದುರಾಗಿ ಹೋಗಬೇಕು. ದಣಿದು ಮರಳುವಾಗ ಗಾಳಿಯೇ ದಡಕ್ಕೆ ನೂಕುತ್ತದೆ. ಗಾಳಿ ಬಲವಾಗಿದ್ದರೆ ಹೊರಡದಿರುವುದೇ ಜಾಣತನ.

ಆಟ ಮುಗಿದ ಮೇಲೆ ದೋಣಿಯನ್ನು ದಡಕ್ಕೆಸೆದು ಹೋಗುವವನು ಪಾಠದ ಅರ್ಧವನ್ನೇ ಕಲಿತಂತೆ. ಹರಿಗೋಲನ್ನು ಕಲ್ಲಿನ ಮೇಲೆ ಎಳೆಯಬಾರದು, ಎತ್ತಿ ತರಬೇಕು. ಒಳಗಿನ ನೀರು ಬಸಿದು, ನೆರಳಿನಲ್ಲಿ, ನೆಲಕ್ಕೆ ತಾಗದಂತೆ ಬೋರಲು ಹಾಕಬೇಕು. ಇಲ್ಲವಾದರೆ ಬಿದಿರಿಗೆ ಗೆದ್ದಲು ಹತ್ತುತ್ತದೆ. ಮುಂದಿನ ಬಾರಿ ನೀರಿಗಿಳಿಸುವ ಮುನ್ನ ಹೊದಿಕೆಯ ಮೇಲೆ ಅಂಗೈಯಾಡಿಸಿ, ತೂತು ಕಂಡಲ್ಲಿ ಬಟ್ಟೆಯ ತೇಪೆಯಿಟ್ಟು ಡಾಂಬರು ಬಳಿಯಬೇಕು. ಹುಟ್ಟಿನ ಸೀಳನ್ನೂ, ಹಗ್ಗದ ಸವೆತವನ್ನೂ ನೋಡಬೇಕು.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ವಿಷಯವಾಗಿ ಹೇಳುವ ಸಂಗತಿಯೊಂದು ಇಲ್ಲಿ ನೆನೆಯತಕ್ಕದ್ದು. ಅಲ್ಲಿಯ ವ್ಯಾಪಾರಿಗಳು ತೊಗಲಿನ ದುಂಡುದೋಣಿಗಳಲ್ಲಿ ಸರಕಿನೊಡನೆ ಒಂದು ಕತ್ತೆಯನ್ನೂ ಇಟ್ಟುಕೊಂಡು ಹೊಳೆಯಲ್ಲಿ ಇಳಿದುಬರುತ್ತಿದ್ದರು. ಪಟ್ಟಣದಲ್ಲಿ ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಮರಳುತ್ತಿದ್ದರು. ದೋಣಿಯ ಯಾವ ಭಾಗ ಬೆಲೆಯುಳ್ಳದ್ದು, ಯಾವುದನ್ನು ಕಾಪಾಡಬೇಕು ಎಂಬ ವಿವೇಕ ಅಷ್ಟು ಹಳೆಯದು.

ಇಂದಿನ ಸಲಕರಣೆಗಳಿಗೂ ಅದೇ ವಿವೇಕ ಸಲ್ಲುತ್ತದೆ. ಲೈಫ್ ಜಾಕೆಟ್ಟನ್ನು ಶುದ್ಧ ನೀರಿನಲ್ಲಿ ಜಾಲಾಡಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಸುಡುಬಿಸಿಲು ಬಟ್ಟೆಯ ಬಲವನ್ನು ಕುಂದಿಸುತ್ತದೆ. ಅದನ್ನು ದಿಂಬಾಗಿಯೋ ಕೂರುವ ಮೆತ್ತೆಯಾಗಿಯೋ ಬಳಸಿದರೆ ಒಳಗಿನ ತೇಲುವ ತುಂಬು ನಜ್ಜುಗುಜ್ಜಾಗುತ್ತದೆ. ಹೊಲಿಗೆ ಬಿಟ್ಟ, ಕೊಂಡಿ ಮುರಿದ ಜಾಕೆಟ್ಟನ್ನು “ಇಂದೊಂದು ದಿನ ನಡೆದೀತು” ಎಂದು ತೊಡಬಾರದು. ಪ್ಲಾಸ್ಟಿಕ್ಕಿನ ಕಯಾಕನ್ನು ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ವಾಹನದ ಮೇಲೆ ಬಿಗಿದು ಕಟ್ಟಿಟ್ಟರೆ ಅದರ ಮೈ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಪಟ್ಟಿ ಸಡಿಲಿಸಿ ಇಡಬೇಕು.

ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಶರಾವತಿಯ ಹಿನ್ನೀರಿನಲ್ಲಿರುವ ಹೊನ್ನೆಮರಡು ಒಳ್ಳೆಯ ನಿದರ್ಶನ. ಮುಳುಗಡೆಯ ನೀರೇ ಅಲ್ಲಿ ಯುವಕರಿಗೆ ಜಲಕ್ರೀಡೆಯ ಪಾಠಶಾಲೆಯಾಗಿದೆ. ತುಂಗಭದ್ರೆಯ ಹಿನ್ನೀರಿನಲ್ಲಿ ಇಳಿಯುವವರು ಅನುಮತಿಯನ್ನೂ, ಊರಿನ ಅಂಬಿಗನ ಮಾತನ್ನೂ ಎರಡನ್ನೂ ಪಡೆದೇ ಇಳಿಯಬೇಕು. ಅದೇ ತಾಲ್ಲೂಕಿನ ಅಂಕಸಮುದ್ರದ ಪಕ್ಷಿಧಾಮದ ಕೆರೆಯನ್ನು ಮಾತ್ರ ಹಕ್ಕಿಗಳಿಗೇ ಬಿಡತಕ್ಕದ್ದು. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಆ ನೀರು ದಡದಿಂದ ನೋಡಿ ನಲಿಯುವುದಕ್ಕೆ, ದೋಣಿಯಾಟಕ್ಕಲ್ಲ.

ಹಂಪಸಾಗರದ ನೀರಿನ ಮೇಲೆ ಸಾಗುವ ಪ್ರತಿಯೊಂದು ದೋಣಿಯೂ ಯಾರದೋ ಹಿತ್ತಿಲ ಮೇಲೆ, ಯಾರದೋ ಹೊಲದ ಬದುವಿನ ಮೇಲೆ ಸಾಗುತ್ತದೆ. ಈ ಅರಿವಿದ್ದವನು ಇಲ್ಲಿ ಕೂಗಾಡುವುದಿಲ್ಲ, ಬಾಟಲಿ ಎಸೆಯುವುದಿಲ್ಲ, ನೀರನ್ನು ಹಗುರವಾಗಿ ಕಾಣುವುದಿಲ್ಲ. ಮೆಲ್ಲನೆ ಹುಟ್ಟುಹಾಕಿ, ಹೊತ್ತಿರುವಾಗಲೇ ದಡ ಸೇರಿ, ದೋಣಿಯನ್ನು ಒರೆಸಿ ಬೋರಲಿಟ್ಟು ಹೋಗುತ್ತಾನೆ. ಅಂಥವನನ್ನು ಅಂಬಿಗನು ಮರುದಿನವೂ ಸಂತೋಷದಿಂದಲೇ ಕರೆಯುತ್ತಾನೆ.